ಒಂದು ಕೆರೆ, ಮೂರು ಹುಳು

ಗೊರಕೆ ರೋಗದ ದನ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಕೊಟ್ಟಿಗೆಯ ಬಾಗಿಲಿಗೆ ಬರುವಷ್ಟರಲ್ಲೇ ಒಳಗಿನಿಂದ ಎಳೆದೆಳೆದು ಬಿಡುವ ಉಸಿರಿನ ಸದ್ದು ಕೇಳಿಸುತ್ತದೆ. ಹತ್ತಿರ ಹೋಗಿ, ಮೂಗುದಾರ ಹಿಡಿದು, ಹೊಳ್ಳೆ ಅಗಲಿಸಿ ನೋಡಿದರೆ ಒಳಗೆ ಹೂಕೋಸಿನ ತುಣುಕಿನಂತೆ ಎದ್ದ ಗಂಟುಗಳು. ಸುತ್ತ ಕೀವು ಬೆರೆತ ಸಿಂಬಳ, ಕೆಲವೊಮ್ಮೆ ರಕ್ತದ ಎಳೆ. ಹಸುವಾದರೆ ಹಾಲು ಇಳಿದಿರುತ್ತದೆ. ಎತ್ತಾದರೆ ನೊಗಕ್ಕೆ ಹೆಗಲು ಕೊಟ್ಟ ಸ್ವಲ್ಪ ಹೊತ್ತಿಗೇ ಬಾಯಿ ತೆರೆದು ನಿಂತುಬಿಡುತ್ತದೆ. ಸಾಯುವುದು ಅಪರೂಪ. ಆದರೆ ವರ್ಷಗಟ್ಟಲೆ ಹೀಗೆ ಉಸಿರಿಗಾಗಿ ಒದ್ದಾಡುವ ಪ್ರಾಣಿಯ ಪಕ್ಕದಲ್ಲಿ ಮಲಗುವ ಮನೆಯವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ.

ನಾನು ಪಶುವೈದ್ಯೆಯಾಗಿ ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಮೊದಲಲ್ಲಿ, ಸೊರಬ, ಶಿಕಾರಿಪುರ, ಹಾನಗಲ್ಲಿನ ಕಡೆಯ ಅರೆಮಲೆನಾಡಿನಲ್ಲಿ. ಅದು ಕೆರೆಗಳ ಸೀಮೆ. ಊರಿಗೊಂದು ದೊಡ್ಡ ಕೆರೆ, ಅದಕ್ಕೆ ನೀರು ಕಳಿಸುವ ಮೇಲಿನ ಕಟ್ಟೆಗಳು, ತೂಬಿನ ಕೆಳಗೆ ಭತ್ತದ ಗದ್ದೆ. ಬೆಳಿಗ್ಗೆ ಮೇಯಲು ಹೊರಟ ದನ ಮಧ್ಯಾಹ್ನ ಅದೇ ಕೆರೆಗೆ ಇಳಿದು ನೀರು ಕುಡಿಯುತ್ತದೆ. ಎಮ್ಮೆಗಳು ಕುತ್ತಿಗೆಯವರೆಗೆ ಮುಳುಗಿ ಬಿಸಿಲು ಇಳಿಯುವವರೆಗೂ ಮೇಲೆ ಬರುವುದಿಲ್ಲ. ಗೊರಕೆ ರೋಗ ಆ ಸೀಮೆಗೆ ಹೊಸದಾಗಿರಲಿಲ್ಲ. ದನದ ಆಸ್ಪತ್ರೆಗೆ ನಡೆಸಿಕೊಂಡು ಬರುತ್ತಿದ್ದ ರಾಸುಗಳಲ್ಲಿ ಅದು ಸದಾ ಇರುತ್ತಿತ್ತು.

ಆಗ ನಮ್ಮ ಕೈಯಲ್ಲಿದ್ದದ್ದು ಆಂಟಿಮನಿ ಸೇರಿದ ಆಂಥಿಯೋಮಲಿನ್ ಚುಚ್ಚುಮದ್ದು. ವಾರಕ್ಕೊಮ್ಮೆ ಆಳವಾಗಿ ಮಾಂಸಖಂಡಕ್ಕೆ ಹಾಕುತ್ತಿದ್ದೆವು. ಗಂಟು ಕರಗುತ್ತಿತ್ತು, ಉಸಿರು ಹಗುರಾಗುತ್ತಿತ್ತು, ಮನೆಯವರ ಮುಖ ಅರಳುತ್ತಿತ್ತು. ಮುಂದಿನ ವರ್ಷ ಅದೇ ಮನೆಯಿಂದ ಅದೇ ರಾಸು ಮತ್ತೆ ಬರುತ್ತಿತ್ತು. ಒಬ್ಬ ಹಿರಿಯರು ತಮ್ಮ ಎತ್ತನ್ನು ಕಟ್ಟಿ ನಿಂತು ಹೇಳಿದ ಮಾತು ನನ್ನಲ್ಲಿ ಉಳಿದುಬಿಟ್ಟಿದೆ: "ನೀವು ಹಾಕಿದ ಸೂಜಿಗೆ ಕಮ್ಮಿ ಆತು ಡಾಕ್ಟ್ರಮ್ಮ, ಸುಳ್ಳಲ್ಲ. ಆದ್ರ ಇದು ನನ್ನ ಎತ್ತಿನ್ಯಾಗ ಹುಟ್ಟೋ ರೋಗ ಅಲ್ಲ. ಎಲ್ಲಿಂದಲೋ ಬರ್ತೈತಿ. ಅದು ಎಲ್ಲಿಂದ ಅಂತ ನೋಡ್ರಿ." ಅವರು ಕೇಳಿದ್ದು ಚಿಕಿತ್ಸೆಯ ಪ್ರಶ್ನೆ ಆಗಿರಲಿಲ್ಲ. ಒಂದು ಜೀವಿ ಎಲ್ಲಿ ಬದುಕುತ್ತದೆ, ಯಾರ ಜೊತೆ ಬದುಕುತ್ತದೆ, ಹೇಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ ಎಂಬ ಪ್ರಶ್ನೆ. ನನ್ನ ಮುಂದಿನ ಬದುಕಿನ ಬಹುಪಾಲು ಆ ಪ್ರಶ್ನೆಯ ಹಿಂದೆಯೇ ಹೋಯಿತು.

ಎಲ್ಲಿಂದ ಎಂಬುದಕ್ಕೆ ಪುಸ್ತಕದಲ್ಲಿ ಉತ್ತರ ಇತ್ತು, ಅರ್ಧದಷ್ಟು. ರೋಗ ತರುವುದು ಶಿಸ್ಟೊಸೋಮಾ ನಾಸೇಲ್ ಎಂಬ ರಕ್ತದ ಹುಳು. ಅದನ್ನು ಗುರುತಿಸಿ 1933ರಲ್ಲಿ ಹೆಸರಿಟ್ಟವರು ಎಂ. ಅನಂತನಾರಾಯಣ ರಾವ್. ಗಂಡು ಹೆಣ್ಣು ಎರಡೂ ದನದ ಮೂಗಿನ ಒಳಪದರದ ರಕ್ತನಾಳಗಳಲ್ಲಿ ಇರುತ್ತವೆ. ಗಂಡಿನ ಮೈಯಲ್ಲಿ ಉದ್ದಕ್ಕೆ ಒಂದು ಮಡಿಕೆ. ಹೆಣ್ಣು ಬದುಕಿನ ಬಹುಕಾಲ ಅದರೊಳಗೇ ಇರುತ್ತದೆ. ಇಟ್ಟ ಮೊಟ್ಟೆ ನಾಳ ಸೀಳಿಕೊಂಡು ಮೂಗಿನೊಳಕ್ಕೆ ಬರುತ್ತದೆ. ದೇಹ ಆ ಮೊಟ್ಟೆಯ ವಿರುದ್ಧ ಹೋರಾಡಿದ ಗುರುತೇ ಆ ಗಂಟುಗಳು. ಈ ಗುಂಪಿನ ಬೇರೆ ಹುಳುಗಳ ಮೊಟ್ಟೆ ಸಗಣಿಯಲ್ಲೋ ಮೂತ್ರದಲ್ಲೋ ಹೊರಬೀಳುತ್ತದೆ. ಇದರ ಮೊಟ್ಟೆ ಸಿಂಬಳದಲ್ಲಿ. ದನ ನೀರು ಕುಡಿಯಲು ಬಗ್ಗಿದಾಗ ಮೊದಲು ನೀರಿಗೆ ತಾಗುವುದು ಮೂಗು. ಹುಳುವಿಗೆ ಬೇಕಾದ ದಾರಿ ದನದ ಬಾಯಾರಿಕೆಯಲ್ಲೇ ಇದೆ.

ನೀರಿಗೆ ಬಿದ್ದ ಮೊಟ್ಟೆ ಒಡೆದು ಮಿರಾಸಿಡಿಯಂ ಎಂಬ ಈಜುವ ಮರಿ ಹೊರಬರುತ್ತದೆ. ಅದಕ್ಕೆ ಬಾಯಿಲ್ಲ, ತಿನ್ನುವುದಿಲ್ಲ. ಕೆಲವು ಗಂಟೆಗಳೊಳಗೆ ತನಗೆ ಒಗ್ಗುವ ಬಸವನಹುಳು ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ನಮ್ಮ ಕೆರೆಗಳಲ್ಲಿ ಅದಕ್ಕೆ ಒಗ್ಗುವುದು ಇಂಡೊಪ್ಲಾನಾರ್ಬಿಸ್ ಎಕ್ಸಸ್ಟಸ್, ಚಪ್ಪಟೆ ಸುರುಳಿಯ ಕಂದು ಚಿಪ್ಪಿನದು. ಇಂಥ ಹುಳುವಿಗೂ ಈ ಬಸವನಹುಳುವಿಗೂ ಇರುವ ನಂಟನ್ನು 1918ರಷ್ಟು ಹಿಂದೆಯೇ ಲಿಸ್ಟನ್ ಮತ್ತು ಸೋಪಾರ್ಕರ್ ಇದರ ಸೋದರ ಪ್ರಭೇದವಾದ ಸ್ಪಿಂಡೇಲ್‌ನಲ್ಲಿ ತೋರಿಸಿಕೊಟ್ಟಿದ್ದರು. ಬಸವನಹುಳುವಿನೊಳಗೆ ಒಂದು ಮಿರಾಸಿಡಿಯಂ ವಾರಗಟ್ಟಲೆ ಒಡೆದು ಒಡೆದು ಸಾವಿರಾರು ಸರ್ಕೇರಿಯಾಗಳಾಗುತ್ತದೆ. ಕವಲು ಬಾಲದ ಈ ಮರಿಗಳು ಹಗಲು ಹೊತ್ತಿನಲ್ಲಿ ನೀರಿಗೆ ಬಂದು, ಕುಡಿಯುವ ಅಥವಾ ನೀರಲ್ಲಿ ನಿಂತ ಪ್ರಾಣಿಯ ಚರ್ಮ ಕೊರೆದು ಒಳಹೋಗುತ್ತವೆ. ಅಲ್ಲಿಂದ ರಕ್ತದ ಜೊತೆ ಪಯಣಿಸಿ ಕೊನೆಗೆ ಮೂಗು ಸೇರುತ್ತವೆ.

ಓದಿನಲ್ಲಿ ಇದೆಲ್ಲ ನೇರವಾಗಿ ಕಾಣುತ್ತದೆ. ಕೆರೆಗೆ ಇಳಿದಾಗ ತೊಡಕು ಗೊತ್ತಾಯಿತು. ಭಾನುವಾರಗಳಂದು ಜೊಂಡು, ಅಂತರಗಂಗೆ ಸರಿಸಿ, ಹಿಡಿಕೆಯಿದ್ದ ಜರಡಿಯಲ್ಲಿ ಬಸವನಹುಳು ಎತ್ತುತ್ತಿದ್ದೆ. ಒಂದೊಂದನ್ನೂ ಒಂದೊಂದು ಗಾಜಿನ ಲೋಟದ ಶುದ್ಧ ನೀರಿಗೆ ಹಾಕಿ ಕಿಟಕಿಯ ಬಿಸಿಲಿಗೆ ಇಡುತ್ತಿದ್ದೆ. ಬೆಳಕು ಕಂಡ ಸ್ವಲ್ಪ ಹೊತ್ತಿಗೆ ಕೆಲವು ಲೋಟಗಳ ನೀರು ಮಸುಕಾಗಿ ಅಲುಗತೊಡಗುತ್ತಿತ್ತು. ಮೈಕ್ರೋಸ್ಕೋಪಿನ ಕೆಳಗೆ ಕವಲು ಬಾಲದ ಸರ್ಕೇರಿಯಾ. ಎಲ್ಲವೂ ಒಂದೇ ತೆರ. ಆದರೆ ನಮ್ಮ ಕೆರೆಗಳಲ್ಲಿ ಅದೇ ಬಸವನಹುಳುವನ್ನು ಆಶ್ರಯಿಸುವ ಇಂಥ ಹುಳುಗಳು ಮೂರು: ಮೂಗಿನ ನಾಸೇಲ್, ದನ ಎಮ್ಮೆಗಳ ಕರುಳಿನ ರಕ್ತನಾಳದಲ್ಲಿರುವ ಸ್ಪಿಂಡೇಲ್, ಕುರಿ ಮೇಕೆ ದನಗಳಲ್ಲಿ ಕಾಣುವ ಇಂಡಿಕಮ್. ಕೊನೆಯ ಎರಡಕ್ಕೆ 1906ರಲ್ಲಿ ಮಾಂಟ್‌ಗೊಮರಿ ಹೆಸರಿಟ್ಟಿದ್ದರು. ಮೂರರ ಮೊಟ್ಟೆಯನ್ನು ಯಾವ ವಿದ್ಯಾರ್ಥಿಯಾದರೂ ಬೇರ್ಪಡಿಸಬಲ್ಲ. ನಾಸೇಲ್‌ನದು ಬೂಮರಾಂಗ್‌ನಂತೆ ಬಾಗಿದ್ದು, ಸ್ಪಿಂಡೇಲ್‌ನದು ಕದಿರಿನ ಆಕಾರ, ಇಂಡಿಕಮ್‌ನದು ಕೊನೆಯಲ್ಲಿ ಮುಳ್ಳಿರುವ ಅಂಡಾಕಾರ. ಸರ್ಕೇರಿಯಾದ ಹಂತದಲ್ಲಿ ಈ ಭೇದವೆಲ್ಲ ಅಳಿಸಿಹೋಗುತ್ತದೆ. ಪಳಗಿದ ಕಣ್ಣಿಗೂ ಅವು ಬೇರೆ ಬೇರೆ ಎಂದು ಖಚಿತವಾಗಿ ಹೇಳುವುದು ಕಷ್ಟ.

ಈ ಭೇದ ಪಂಡಿತರಿಗಷ್ಟೇ ಬೇಕಾದದ್ದೆಂದು ಯಾರೂ ತಿಳಿಯಬಾರದು. ತೂಬಿನ ಕೆಳಗಿನ ಗದ್ದೆಯಲ್ಲಿ ನಾಟಿಗೆ ಇಳಿದ ಹೆಣ್ಣುಮಕ್ಕಳು ಸಂಜೆ ಹೊತ್ತಿಗೆ ಮೊಣಕಾಲಿನವರೆಗೂ ಕೆರೆದುಕೊಳ್ಳುತ್ತಿದ್ದರು. "ಗದ್ದಿ ನೀರಿನ ನವೆ, ಎರಡು ದಿನ ಇದ್ದು ಹೋಗ್ತೈತಿ" ಎಂದು ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಾಗುತ್ತಿದ್ದರು. ಪ್ರಾಣಿಗಳ ಶಿಸ್ಟೊಸೋಮಾ ಸರ್ಕೇರಿಯಾ ಮನುಷ್ಯರ ಚರ್ಮ ಹೊಕ್ಕರೆ ಸಾಮಾನ್ಯವಾಗಿ ಅಲ್ಲಿಯೇ ಸಾಯುತ್ತದೆ. ಸಾಯುವಾಗ ಈ ತುರಿಕೆ, ಕೆಂಪು ಗುಳ್ಳೆ. ಅಸ್ಸಾಮಿನ ಭತ್ತದ ಗದ್ದೆಗಳಲ್ಲಿ ಇದನ್ನು ತೊಂಬತ್ತರ ದಶಕದಲ್ಲೇ ದಾಖಲಿಸಿದ್ದರು. ಹಾಗಿದ್ದರೆ ನಮ್ಮ ಕೆರೆಯ ಒಂದು ಲೋಟದಲ್ಲಿ ಅಲುಗುತ್ತಿದ್ದದ್ದು ಎತ್ತಿನ ಮೂಗಿಗೆ ಹೋಗುವುದೋ, ಕರುಳಿಗೆ ಹೋಗುವುದೋ? ನಾಟಿ ಹಾಕುವವರ ಕಾಲಿಗೆ ಯಾವುದು ತಾಗುತ್ತಿದೆ? ಯಾವ ಪ್ರಾಣಿಯಿಂದ ಯಾವುದು ನೀರಿಗೆ ಬೀಳುತ್ತಿದೆ? ಮೂರನ್ನೂ ಒಂದೇ ರಾಶಿಗೆ ಹಾಕಿ ಎಣಿಸಿದರೆ ಕೆರೆಯ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ.

ಈ ಗಂಟು ಬಿಚ್ಚುವ ಆಸೆಯಿಂದಲೇ ಕೆಲವು ವರ್ಷಗಳ ಮೇಲೆ ರಜೆ ಹಾಕಿ, ನಾನು ಓದಿದ್ದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಸಂಶೋಧನೆಗೆ ಮರಳಿದೆ. ಅಷ್ಟರಲ್ಲಿ ಪಿಸಿಆರ್ ನಮ್ಮ ಕಾಲೇಜುಗಳ ಪ್ರಯೋಗಾಲಯಗಳಿಗೂ ಬಂದಿತ್ತು. 1983ರಲ್ಲಿ ಕ್ಯಾರಿ ಮುಲ್ಲಿಸ್ ಯೋಚಿಸಿದ ಆ ವಿಧಾನಕ್ಕೆ 1993ರಲ್ಲಿ ನೊಬೆಲ್ ಸಂದಿತ್ತು. ಡಿಎನ್‌ಎಯನ್ನು ಕುದಿಯುವ ಹತ್ತಿರಕ್ಕೆ ಕಾಯಿಸಿ ಎರಡು ಎಳೆಗಳನ್ನು ಬಿಡಿಸುವುದು. ತಣಿಸಿ, ನಮಗೆ ಬೇಕಾದ ತುಣುಕಿನ ಎರಡು ತುದಿಗೆ ಪ್ರೈಮರ್ ಕೂರಿಸುವುದು. ಮತ್ತೆ ಕಾಯಿಸಿ ಕಿಣ್ವದಿಂದ ಹೊಸ ಎಳೆ ಕಟ್ಟಿಸುವುದು. ಪ್ರತಿ ಸುತ್ತಿಗೂ ತುಣುಕು ಇಮ್ಮಡಿ. 30 ಸುತ್ತು ಕಳೆದರೆ ಒಂದು ತುಣುಕು ಲೆಕ್ಕದಲ್ಲಿ ನೂರು ಕೋಟಿ ದಾಟುತ್ತದೆ. ಅಷ್ಟು ಶಾಖದಲ್ಲೂ ಕೆಡದ ಆ ಕಿಣ್ವ ಸಿಕ್ಕಿದ್ದು ಥಾಮಸ್ ಬ್ರಾಕ್ ಅವರು ಅಮೆರಿಕದ ಯೆಲ್ಲೊಸ್ಟೋನ್‌ನ ಬಿಸಿನೀರ ಬುಗ್ಗೆಗಳಲ್ಲಿ ಅರವತ್ತರ ದಶಕದಲ್ಲಿ ಕಂಡ ಬ್ಯಾಕ್ಟೀರಿಯಾದಿಂದ. ಬಿಸಿನೀರಿನಲ್ಲಿ ಏನು ಬದುಕುತ್ತದೆ ಎಂಬ ಕುತೂಹಲ ಒಂದೇ ಅವರನ್ನು ಅಲ್ಲಿಗೆ ಕರೆದೊಯ್ದದ್ದು. ಹಾನಗಲ್ಲಿನ ಕೆರೆಯ ಹುಳುವನ್ನು ಗುರುತಿಸಲು ಆ ಕುತೂಹಲ ನನಗೆ ನೆರವಾಯಿತು ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ಈಗಲೂ ಹೇಳುತ್ತೇನೆ. ಯಾವ ನೀರನ್ನು ನೋಡುವುದೂ ವ್ಯರ್ಥವಲ್ಲ.

ಪ್ರಯೋಗಾಲಯದ ಕೆಲಸಕ್ಕೆ ಅದರದೇ ತಾಳ್ಮೆ ಬೇಕಿತ್ತು. ಹಳೆಯ ಕ್ರಮದಂತೆ ಫಾರ್ಮಲಿನ್‌ನಲ್ಲಿ ಇಟ್ಟರೆ ಡಿಎನ್‌ಎ ಕೆಡುತ್ತದೆ. ಹಾಗಾಗಿ ಬಸವನಹುಳುಗಳನ್ನು ಆಲ್ಕೊಹಾಲ್‌ನಲ್ಲಿ ಹಾಕಿ, ಬಾಟಲಿಯೊಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇಟ್ಟು, ರಾತ್ರಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬೆಂಗಳೂರಿಗೆ ತರುತ್ತಿದ್ದೆ. ಬಸವನಹುಳುವಿನ ಲೋಳೆ ಪಿಸಿಆರ್‌ಗೆ ದೊಡ್ಡ ಶತ್ರು. ಆ ಅಂಟಿನ ಸಕ್ಕರೆ ಪದಾರ್ಥಗಳು ಡಿಎನ್‌ಎ ಜೊತೆ ಬಂದು ಕಿಣ್ವದ ಕೆಲಸ ತಡೆಯುತ್ತವೆ. ಗಿಡಗಳ ಡಿಎನ್‌ಎ ತೆಗೆಯಲು ಬಳಸುವ ಸಿಟ್ಯಾಬ್ ದ್ರಾವಣ ಬಳಸಿ, ತೊಳೆದು, ತೆಳು ಮಾಡಿ ಹಾಕಿದಾಗ ದಾರಿ ಸಿಕ್ಕಿತು. ಕತ್ತಲೆ ಕೋಣೆಯಲ್ಲಿ ಅತಿನೇರಳೆ ಬೆಳಕಿನ ಮೇಲೆ ಜೆಲ್ ಇಟ್ಟಾಗ ಕಿತ್ತಳೆ ಬಣ್ಣದ ಗೆರೆ ಕಾಣಿಸುವುದು ಈಗಿನವರಿಗೆ ದಿನನಿತ್ಯದ ಸಂಗತಿ. ಒಂದು ಕೆರೆಯ ಅಂಚಿನಲ್ಲಿ ನಾನೇ ಎತ್ತಿದ ಬಸವನಹುಳುವಿನೊಳಗೆ, ಕಣ್ಣಿಗೆ ಏನೂ ಕಾಣದ ಕಡೆ, ಒಂದು ಜೀವ ಇರುವ ಗುರುತು ಆ ಗೆರೆಯಲ್ಲಿ ಮೂಡಿದಾಗ ನನಗಾದ ಸಂತೋಷವನ್ನು ಇನ್ನಾವುದಕ್ಕೂ ಹೋಲಿಸಲಾರೆ.

ನಾವು ಓದಿಸಿದ್ದು ಎರಡು ತುಣುಕು. ಒಂದು ಮೈಟೊಕಾಂಡ್ರಿಯಾದ ಕಾಕ್ಸ್-1, ತಾಯಿಯಿಂದ ಮಾತ್ರ ಬರುವುದು. ಇನ್ನೊಂದು ಕೋಶಕೇಂದ್ರದ ಐಟಿಎಸ್-2, ತಂದೆ ತಾಯಿ ಇಬ್ಬರಿಂದಲೂ ಬರುವುದು. ಅಕ್ಷರಗಳ ಸಾಲು ಓದಿಸಿಕೊಂಡು ಬಂದಾಗ, ಅದನ್ನು ಮೊಟ್ಟೆಯಿಂದಲೂ ಬೆಳೆದ ಹುಳುವಿನಿಂದಲೂ ತೆಗೆದ ಸಾಲುಗಳ ಪಕ್ಕ ಇಟ್ಟು ಹೋಲಿಸುತ್ತಿದ್ದೆವು. ಮೈಕ್ರೋಸ್ಕೋಪಿನಲ್ಲಿ ಒಂದೇ ಎಂದು ಕಂಡವು ಇಲ್ಲಿ ಸ್ಪಷ್ಟವಾಗಿ ಬೇರಾದವು. ಒಂದೇ ಕೆರೆಯ ಒಂದೇ ಮೂಲೆಯಲ್ಲಿ ನಾಸೇಲ್ ಮತ್ತು ಸ್ಪಿಂಡೇಲ್ ಎರಡೂ ಇದ್ದವು. ಕೆಲವು ಬಸವನಹುಳುಗಳ ಓದಿನಲ್ಲಿ ಒಂದೇ ಜಾಗದಲ್ಲಿ ಎರಡು ಅಕ್ಷರಗಳ ಶಿಖರ ಒಟ್ಟಿಗೆ ಏಳುತ್ತಿತ್ತು. ಒಂದೇ ಚಿಪ್ಪಿನೊಳಗೆ ಎರಡು ಬಗೆಯ ಹುಳುಗಳು ಸಂಸಾರ ಹೂಡಿದ್ದವು ಎಂದು ಅದರ ಅರ್ಥ. ಬಸವನಹುಳುವೂ ಒಂದೇ ಬಗೆಯದಲ್ಲ ಎಂದು ಆಮೇಲೆ ಏಷ್ಯಾದ ಹಲವು ದೇಶಗಳ ಮಾದರಿಗಳ ಮೇಲೆ ನಡೆದ ಡಿಎನ್‌ಎ ಅಧ್ಯಯನಗಳು ತೋರಿಸಿದವು. ಚಿಪ್ಪು ನೋಡಿ ಇಂಡೊಪ್ಲಾನಾರ್ಬಿಸ್ ಎಕ್ಸಸ್ಟಸ್ ಎಂದು ಒಂದೇ ಹೆಸರಿನಲ್ಲಿ ಕರೆದದ್ದರ ಒಳಗೆ ಬಹುಕಾಲದ ಹಿಂದೆ ಬೇರಾದ ಹಲವು ವಂಶಗಳಿವೆ. ಎಲ್ಲ ವಂಶವೂ ಹುಳುವಿಗೆ ಒಂದೇ ಸಮ ಒಗ್ಗುತ್ತದೆಯೇ ಎಂಬುದು ಅಲ್ಲಿಂದ ಮುಂದಿನ ಪ್ರಶ್ನೆ.

ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಬಹಳ ಹಿಡಿದಿತ್ತು. ಬಿಸಿಲಿಗಿಟ್ಟ ಲೋಟದಲ್ಲಿ ಸರ್ಕೇರಿಯಾ ಬಿಡದೆ ಇದ್ದ ಬಸವನಹುಳುಗಳಲ್ಲೂ ಕೆಲವಕ್ಕೆ ಪಿಸಿಆರ್‌ನಲ್ಲಿ ಗೆರೆ ಬರುತ್ತಿತ್ತು. ಮಿರಾಸಿಡಿಯಂ ಹೊಕ್ಕು ಸರ್ಕೇರಿಯಾ ಹೊರಬರುವವರೆಗೆ ವಾರಗಳು ಹಿಡಿಯುತ್ತವೆ. ಆ ನಡುವಿನ ಕಾಲ ಲೋಟದಲ್ಲಿ ಕಾಣುವುದಿಲ್ಲ, ಪಿಸಿಆರ್‌ನಲ್ಲಿ ಕಾಣುತ್ತದೆ. ಆದರೆ ಹೊಕ್ಕ ಮಿರಾಸಿಡಿಯಂ ಬಸವನಹುಳುವಿನ ರಕ್ಷಣೆಯೆದುರು ಸೋತು ಸತ್ತಿದ್ದರೂ ಅದರ ಡಿಎನ್‌ಎ ಕೆಲಕಾಲ ಉಳಿಯುತ್ತದೆ. ಗೆರೆ ಬಂತು ಎಂದರೆ ಅಲ್ಲಿ ಹುಳುವಿನ ಡಿಎನ್‌ಎ ಇತ್ತು ಎಂದಷ್ಟೇ ಅರ್ಥ. ಈ ಬಸವನಹುಳು ನಾಳೆ ಒಂದು ಎತ್ತಿಗೆ ರೋಗ ಕೊಡುತ್ತದೆ ಎಂದಲ್ಲ. ಅದನ್ನು ತಿಳಿಯಲು ಮತ್ತೆ ಲೋಟ, ಬಿಸಿಲು, ಕಾಯುವಿಕೆ ಬೇಕು. ಎರಡನ್ನೂ ಒಟ್ಟಿಗೆ ಮಾಡಿದಾಗ ಮಾತ್ರ ಕೆರೆಯಲ್ಲಿ ಎಷ್ಟು ಹುಳು ಬಸವನಹುಳುವಿಗೆ ಹೊಗುತ್ತದೆ, ಅದರಲ್ಲಿ ಎಷ್ಟು ಬೆಳೆದು ಹೊರಬರುತ್ತದೆ ಎಂಬ ಲೆಕ್ಕ ಹತ್ತಿರವಾಗುತ್ತದೆ. ಹುಳು ಹೊಕ್ಕ ಬಸವನಹುಳು ಹೆಚ್ಚಾಗಿ ಮೊಟ್ಟೆ ಇಡುವುದನ್ನು ಬಿಡುತ್ತದೆ. ತನ್ನ ಸಂತಾನಕ್ಕೆ ಖರ್ಚಾಗಬೇಕಿದ್ದ ಶಕ್ತಿ ಪರರ ಸಂತಾನಕ್ಕೆ ಹೋಗುತ್ತದೆ. ಹೀಗೆ ಹುಳು ದನಗಳ ಜೊತೆಗೆ ಕೆರೆಯ ಬಸವನಹುಳುಗಳ ಸಂಖ್ಯೆಯನ್ನೂ ಒಳಗಿನಿಂದ ತಿದ್ದುತ್ತಿರುತ್ತದೆ.

ಒಂದು ಮಿರಾಸಿಡಿಯಂನಿಂದ ಹುಟ್ಟುವ ಸರ್ಕೇರಿಯಾಗಳೆಲ್ಲ ಒಂದೇ ಲಿಂಗದವು ಎಂಬುದನ್ನೂ ಇಲ್ಲಿ ಹೇಳಬೇಕು. ಗಂಡಾದರೆ ಎಲ್ಲ ಗಂಡು, ಹೆಣ್ಣಾದರೆ ಎಲ್ಲ ಹೆಣ್ಣು. ಒಂದು ದನದ ಮೂಗಿನಲ್ಲಿ ಮೊಟ್ಟೆಯಿಡುವ ಜೋಡಿ ಕೂಡಬೇಕಾದರೆ ಕನಿಷ್ಠ ಎರಡು ಬೇರೆ ಬೇರೆ ಮಿರಾಸಿಡಿಯಂಗಳ ಸಂತಾನ ಅದನ್ನು ತಲುಪಿರಬೇಕು. ಹಾಗಾಗಿ ದನ ಎಷ್ಟು ಸಲ ನೀರಿಗೆ ಇಳಿಯುತ್ತದೆ, ಎಲ್ಲಿ ಇಳಿಯುತ್ತದೆ, ಆ ಜಾಗದಲ್ಲಿ ಎಷ್ಟು ಬಸವನಹುಳು ಸೋಂಕಾಗಿವೆ ಎಂಬುದರ ಮೇಲೆ ಹುಳುವಿನ ಮುಂದಿನ ಪೀಳಿಗೆ ನಿಂತಿದೆ. ನಾವು ಕೆರೆಯನ್ನು ಭಾಗ ಮಾಡಿ ಮಾದರಿ ಎತ್ತಿದಾಗ ಏರಿಯ ಕಲ್ಲಿನ ಬದಿಯಲ್ಲಿ ಸೋಂಕು ಕಡಿಮೆ, ದನ ಎಮ್ಮೆ ಇಳಿಯುವ ಮೆದು ಮಣ್ಣಿನ ಇಳಿಜಾರಿನಲ್ಲಿ ಹೆಚ್ಚು. ಬೇಸಿಗೆಯಲ್ಲಿ ನೀರು ತಗ್ಗಿದಂತೆ ಬಸವನಹುಳು, ದನ, ಎಮ್ಮೆ ಎಲ್ಲವೂ ಅದೇ ಕೊನೆಯ ಹೊಂಡದ ಸುತ್ತ ಸೇರುತ್ತಿದ್ದವು. ನೀರು ಪೂರ್ತಿ ಬತ್ತಿದರೂ ಬಸವನಹುಳು ಕೆಸರಿನೊಳಗೆ ಹೂತು ಮಳೆಗೆ ಕಾಯಬಲ್ಲದು.

ಇನ್ನು ಎಮ್ಮೆಯ ವಿಷಯ. ಎಮ್ಮೆಗೆ ನಾಸೇಲ್ ಸೋಂಕಾದರೂ ಮೂಗಿನಲ್ಲಿ ದನದಷ್ಟು ಗಂಟು ಏಳುವುದಿಲ್ಲ, ಗೊರಕೆಯೂ ಕೇಳಿಸುವುದಿಲ್ಲ. ಹಾಗಾಗಿ ಯಾರೂ ಅದನ್ನು ಆಸ್ಪತ್ರೆಗೆ ತರುತ್ತಿರಲಿಲ್ಲ. ನೋಡುವುದಕ್ಕೆ ಗಟ್ಟಿಮುಟ್ಟಾದ ಎಮ್ಮೆಗಳ ಮೂಗನ್ನು ಕೆರೆದು, ಕ್ಷಾರದ ದ್ರಾವಣದಲ್ಲಿ ಸಿಂಬಳ ಕರಗಿಸಿ ನೋಡಿದಾಗ ಬಾಗಿದ ಮೊಟ್ಟೆಗಳು ಸಿಕ್ಕವು. ಅದೇ ಎಮ್ಮೆಗಳ ಸಿಂಬಳದಿಂದ ಬೇರೆಯಾಗಿ ಎತ್ತಿಟ್ಟ ಮೊಟ್ಟೆಗಳಿಂದ ತೆಗೆದ ಕಾಕ್ಸ್-1ರ ಸಾಲನ್ನು ಅವು ಹೊರಳುತ್ತಿದ್ದ ಜಾಗದ ಬಸವನಹುಳುಗಳಿಂದ ಬಂದ ಸಾಲಿನ ಪಕ್ಕ ಇಟ್ಟಾಗ ಎರಡೂ ಹೊಂದಿದವು. ಗೊರಕೆ ಹೊಡೆಯುವ ಎತ್ತಿನ ಹಿಂದೆ, ಸದ್ದಿಲ್ಲದೆ ನೀರಿನಲ್ಲಿ ನಿಂತ ಎಮ್ಮೆ ಇತ್ತು. ರೋಗ ತೋರಿಸಿದ ಪ್ರಾಣಿಗಷ್ಟೇ ಸೂಜಿ ಹಾಕುತ್ತ ಹೋದರೆ ಕೆರೆಗೆ ಮೊಟ್ಟೆ ಬೀಳುವುದು ನಿಲ್ಲದು.

ಇದನ್ನು ಊರಿಗೆ ತಿಳಿಸಲು ಹೋದಾಗ ಎದುರಾದ ಪ್ರಶ್ನೆ ಸಹಜವಾದದ್ದು. "ಎಮ್ಮಿಗೆ ಏನೂ ಆಗಿಲ್ಲಲ್ರೀ ಡಾಕ್ಟ್ರಮ್ಮ, ಸುಮ್ನ ಯಾಕ ಅದಕ್ಕ ಸೂಜಿ?" ಎಂದು ಒಬ್ಬ ಅಕ್ಕ ಕೇಳಿದರು. ಅವರ ಮನೆ ನಡೆಯುತ್ತಿದ್ದದ್ದೇ ಆ ಎಮ್ಮೆಗಳ ಹಾಲಿನಿಂದ. ಅಕ್ಷರಗಳ ಸಾಲು ತೋರಿಸಿ ಪ್ರಯೋಜನವಿರಲಿಲ್ಲ. ಮೈಕ್ರೋಸ್ಕೋಪನ್ನು ಪಂಚಾಯಿತಿಯ ಕಟ್ಟೆಯ ಮೇಲೆ ಇಟ್ಟು, ಅವರ ಎಮ್ಮೆಯ ಸಿಂಬಳದ ಮೊಟ್ಟೆಯನ್ನೂ, ಒಡೆದು ಈಜಲು ಹೊರಟ ಮಿರಾಸಿಡಿಯಂ ಅನ್ನೂ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕದವರನ್ನು ಕರೆದು, "ನೋಡ್ ಬಾರವ್ವ, ಇದು ನಮ್ಮ ಎಮ್ಮಿ ಮೂಗಿನ್ಯಾಗಿಂದು" ಎಂದು ತಾವೇ ವಿವರಿಸಲು ತೊಡಗಿದರು. ಆ ದಿನ ಎಮ್ಮೆಗಳನ್ನೂ ಸಾಲಾಗಿ ಕಟ್ಟಿ ಚಿಕಿತ್ಸೆಗೆ ಒಪ್ಪಿದರು. ಮುಂದೆ ಊರವರು ಕೊಳವೆಬಾವಿಯ ಪಕ್ಕ ದನಗಳಿಗೆಂದು ಸಿಮೆಂಟಿನ ತೊಟ್ಟಿ ಕಟ್ಟಿಸಿಕೊಂಡರು. ಕರುಗಳನ್ನು ಕೆರೆಗೆ ಬಿಡದೆ ತೊಟ್ಟಿಯಲ್ಲಿ ನೀರು ಕುಡಿಸುವ ರೂಢಿ ಕೆಲವು ಮನೆಗಳಲ್ಲಿ ಬಂತು. ಗೊರಕೆ ಪೂರ್ತಿ ಹೋಗಲಿಲ್ಲ. ಎಮ್ಮೆಗೆ ಕೆರೆ ಬೇಕೇ ಬೇಕು, ಕೆರೆಗೆ ಬೇರೆ ಊರಿನ ದನವೂ ಬರುತ್ತದೆ. ಆದರೆ ತೊಟ್ಟಿಯ ನೀರು ಕುಡಿದು ಬೆಳೆದ ಕರುಗಳು ಹೊಳ್ಳೆ ತುಂಬ ಉಸಿರೆಳೆಯುವುದನ್ನು ನೋಡಿದಾಗ ಈ ಕೆಲಸ ಯಾರಿಗಾಗಿ ಎಂಬುದು ನನಗೆ ಸ್ಪಷ್ಟವಿತ್ತು.

ಆ ವರ್ಷಗಳಲ್ಲೂ ಆಮೇಲೂ ಬೇರೆ ದೇಶಗಳಿಂದ ಬಂದ ಬರಹಗಳನ್ನು ನನ್ನ ಕೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿದೆ. ನೇಪಾಳದ ಚಿತ್ವನ್‌ನಲ್ಲಿ ಆನೆ ಮತ್ತು ಘೇಂಡಾಮೃಗಗಳ ಲದ್ದಿಯಿಂದ ಮೊಟ್ಟೆ ತೆಗೆದು ಡಿಎನ್‌ಎ ಓದಿದಾಗ, ಆನೆಯದೆಂದೇ ತಿಳಿದಿದ್ದ ಬೈವಿಟೆಲ್ಲೊಬಿಲ್ಹಾರ್ಜಿಯಾ ನೈರಿ ಎಂಬ ರಕ್ತದ ಹುಳು ಘೇಂಡಾಮೃಗದಲ್ಲೂ ಇದೆ ಎಂದು 2014ರಲ್ಲಿ ಗೊತ್ತಾಯಿತು. ಒಂದೇ ನೀರು, ಒಂದೇ ಹುಲ್ಲುಗಾವಲು, ಹಂಚಿಕೊಂಡ ಹುಳು. ಒಂದು ಪ್ರಾಣಿಯನ್ನೂ ಕೊಲ್ಲದೆ, ಬರೀ ಲದ್ದಿಯಿಂದ ಇದನ್ನು ತಿಳಿದರು.

ಫ್ರಾನ್ಸಿನ ಕಾರ್ಸಿಕಾ ದ್ವೀಪದ ಸಂಗತಿ ಇನ್ನೂ ಎಚ್ಚರಿಸುವಂಥದ್ದು. 2013ರ ಬೇಸಿಗೆಯಲ್ಲಿ ಅಲ್ಲಿಯ ಕಾವು ನದಿಯಲ್ಲಿ ಈಜಿದ ಜನರಿಗೆ ಇದೇ ಗುಂಪಿನ ಹುಳು ತರುವ ಮೂತ್ರಕೋಶದ ಬಿಲ್ಹಾರ್ಜಿಯಾ ರೋಗ ತಗುಲಿತು. ಸೋಂಕಾದವರ ಸಂಖ್ಯೆ ನೂರನ್ನು ದಾಟಿತು. ಮೈಟೊಕಾಂಡ್ರಿಯಾದ ಡಿಎನ್‌ಎಯನ್ನೂ ಕೋಶಕೇಂದ್ರದ ಡಿಎನ್‌ಎಯನ್ನೂ ಎರಡನ್ನೂ ಓದಿದಾಗ ಮನುಷ್ಯರ ಹುಳುವೂ ದನಗಳ ಹುಳುವೂ ಬೆರೆತ ಮಿಶ್ರತಳಿ ಅದೆಂದು ಗೊತ್ತಾಯಿತು. ಅದರ ನಂಟು ಆಫ್ರಿಕದ ಸೆನೆಗಲ್‌ನ ಹುಳುಗಳ ಜೊತೆಗಿತ್ತು. ಮೈಟೊಕಾಂಡ್ರಿಯಾದ ತುಣುಕನ್ನಷ್ಟೇ ಓದಿದ್ದರೆ ತಾಯಿಯ ಕಡೆಯ ಕತೆ ಮಾತ್ರ ಸಿಗುತ್ತಿತ್ತು. ದನದ ಹುಳು ದನಕ್ಕೆ, ಮನುಷ್ಯರ ಹುಳು ಮನುಷ್ಯರಿಗೆ ಎಂದು ಗೆರೆ ಎಳೆದು ಕುಳಿತರೆ ನೀರು ಆ ಗೆರೆಯನ್ನು ಗೌರವಿಸುವುದಿಲ್ಲ. ನಮ್ಮ ನೆರೆಯ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಊರಿನಲ್ಲಿ 1952ರ ಹೊತ್ತಿಗೆ ಮನುಷ್ಯರಲ್ಲೇ ಈ ಜಾತಿಯ ರೋಗ ವರದಿಯಾಗಿತ್ತು. ಅದನ್ನು ಓದಿದ ಮೇಲೆ ಪಶ್ಚಿಮ ಕರಾವಳಿಯ ಯಾವ ಹಳ್ಳವನ್ನೂ ನಾನು ಹಗುರವಾಗಿ ನೋಡಿಲ್ಲ.

ಈಗ ಬಸವನಹುಳುವನ್ನೂ ಎತ್ತಬೇಕಿಲ್ಲ ಎನ್ನುವ ಹಂತಕ್ಕೆ ಬಂದಿದ್ದೇವೆ. ಕೆರೆಯ ನೀರನ್ನು ಸೋಸಿ, ಆ ಸೋಸುಬಟ್ಟೆಯಲ್ಲಿ ಉಳಿದ ಡಿಎನ್‌ಎ ಓದಿದರೆ ಅಲ್ಲಿ ಯಾವ ಹುಳು ಇದೆ ಎಂದು ಹೇಳಬಹುದು. ಕೆನ್ಯಾದಲ್ಲಿ ಮನುಷ್ಯರ ಬಿಲ್ಹಾರ್ಜಿಯಾ ಹುಳುವಿಗೆ ಇದನ್ನು ಮಾಡಿ 2019ರಲ್ಲಿ ಪ್ರಕಟಿಸಿದರು. ನಮ್ಮ ಸಾವಿರಾರು ಕೆರೆಗಳಿಗೆ ಈ ವಿಧಾನ ಎಷ್ಟು ದೊಡ್ಡ ವರವಾಗಬಲ್ಲದು ಎಂದು ಯೋಚಿಸಿದರೆ ನನಗೆ ಮತ್ತೆ ಮೂವತ್ತರ ಹರೆಯ ಬಂದಂತಾಗುತ್ತದೆ. ಯಾವ ಕೆರೆಯ ಯಾವ ಬದಿಗೆ ಯಾವ ತಿಂಗಳಲ್ಲಿ ದನ ಇಳಿಸಬಾರದು ಎಂದು ಮೊದಲೇ ಹೇಳುವ ದಿನ ದೂರವಿಲ್ಲ.

ಮಾದರಿ ಎತ್ತದೆ ಬರೀ ಅಂಚೆಯಲ್ಲಿ ಬಂದ ಟ್ಯೂಬುಗಳ ಮೇಲೆ ಕೆಲಸ ಮಾಡುವ ಯುವಕ ಯುವತಿಯರು ನನ್ನ ಬಳಿ ಸಲಹೆ ಕೇಳಿ ಬಂದಾಗ, ನಾನು ಮೊದಲು ಕೇಳುವುದು ಆ ಕೆರೆಯ ತೂಬು ಯಾವ ಕಡೆಗಿದೆ, ಎಮ್ಮೆ ಎಲ್ಲಿ ಇಳಿಯುತ್ತದೆ, ಕೋಡಿ ಬಿದ್ದ ನೀರು ಯಾರ ಗದ್ದೆಗೆ ಹೋಗುತ್ತದೆ ಎಂದು. ಉತ್ತರ ಗೊತ್ತಿಲ್ಲದಿದ್ದರೆ ಒಂದು ಮಧ್ಯಾಹ್ನ ಹೋಗಿ ಕುಳಿತು ಬನ್ನಿ ಎನ್ನುತ್ತೇನೆ. ಡಿಎನ್‌ಎ ಮೂರು ಹುಳುಗಳನ್ನು ಬೇರ್ಪಡಿಸಿ ಕೊಟ್ಟಿತು. ಎಮ್ಮೆಗೂ ಬಸವನಹುಳುವಿಗೂ ಎತ್ತಿಗೂ ನಡುವಿನ ಎಳೆಯನ್ನು ಕೈಗೆ ಹಿಡಿಸಿತು. ಆ ಎಳೆಗಳು ಕೆರೆಯಲ್ಲಿ ಯಾಕೆ ಹಾಗೆ ಹೆಣೆದುಕೊಂಡಿವೆ ಎಂಬುದನ್ನು ಹೇಳಿಕೊಟ್ಟವರು ದನ ಕಾಯುವವರು, ನಾಟಿ ಹಾಕುವವರು, ಹಾಲು ಕರೆಯುವವರು. ಎರಡೂ ಅರಿವು ಒಟ್ಟಿಗೆ ಕುಳಿತಾಗ ಮಾತ್ರ ನಮಗೆ ಒಂದು ದನಕ್ಕೆ ಚಿಕಿತ್ಸೆ ಕೊಡುವುದರ ಆಚೆಗೆ, ಅದೇ ನೀರು ಕುಡಿಯುವ ಎಲ್ಲ ಜೀವಗಳ ಆರೋಗ್ಯವನ್ನು ಒಂದಾಗಿ ನೋಡಲು ಸಾಧ್ಯವಾಯಿತು. ಗೊರಕೆ ಹೊಡೆಯುವ ಒಂದು ರಾಸು ಬಂದರೆ ಆ ಊರಿನ ಸದ್ದಿಲ್ಲದ ಎಮ್ಮೆಗಳನ್ನೂ ಪರೀಕ್ಷಿಸಿ, ಕೆರೆಯ ಬಸವನಹುಳುಗಳನ್ನೂ ನೋಡಿ, ಕುಡಿಯುವ ನೀರಿಗೆ ಬೇರೆ ವ್ಯವಸ್ಥೆ ಮಾಡುವುದು ನಮ್ಮ ಪಶು ಆಸ್ಪತ್ರೆಗಳ ಮಾಮೂಲಿ ಕೆಲಸವಾಗಬೇಕು. ಅದಕ್ಕೆ ಬೇಕಾದ ತಿಳಿವಳಿಕೆ ಈಗ ನಮ್ಮಲ್ಲಿದೆ.